ಹೆಚ್ಚು ಅಪಾಯದ ಹೃದಯ ಕಸಿ: ಅಂಗ ತಿರಸ್ಕಾರ ತಡೆಯುವ ಹಂತ ಹಂತದ ಮಾರ್ಗದರ್ಶಿ

ಕಸಿಯಾದ ಹೃದಯವನ್ನು ದೇಹ ಪೂರ್ತಿಯಾಗಿ ತನ್ನದೆಂದು ಒಪ್ಪಿಕೊಳ್ಳುವುದು ತೀರಾ ಅಪರೂಪ. ಔಷಧಗಳು ಆ ವಿರೋಧವನ್ನು ಅದುಮಿ ಹಿಡಿದಿರುತ್ತವೆ, ಅಷ್ಟೆ. ಈ ಹಿಡಿತ ಸಡಿಲವಾಗುವುದು ಹೆಚ್ಚಾಗಿ ಬದಲಾವಣೆಯ ದಿನಗಳಲ್ಲಿ: ಒಂದು ಮಾತ್ರೆ ಸೇರಿಸಿದಾಗ, ಇನ್ನೊಂದನ್ನು ನಿಲ್ಲಿಸಿದಾಗ, ಸ್ಟೀರಾಯ್ಡ್ ಇಳಿಸಿದಾಗ, ಆಸ್ಪತ್ರೆಯಿಂದ ಮನೆಗೆ ಹೋದಾಗ, ತಪಾಸಣೆಗಳ ನಡುವಿನ ಅಂತರ ಹಿಗ್ಗಿದಾಗ. ಸಾಮಾನ್ಯ ಅಪಾಯದ ರೋಗಿ ಇಂಥ ಒಂದೆರಡು ಸಡಿಲಿಕೆಗಳನ್ನು ತಾಳಿಕೊಂಡಾನು. ಹೆಚ್ಚು ಅಪಾಯದವರಿಗೆ ಆ ಅವಕಾಶವಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪ್ರತಿ ಹಂತದಲ್ಲೂ ಏನು ಮಾಡಬೇಕು ಎಂಬುದರ ಜೊತೆಗೆ, ಎಲ್ಲಿ ಕೈ ಜಾರುತ್ತದೆ ಎಂಬುದಕ್ಕೂ ಅಷ್ಟೇ ಗಮನ ಕೊಟ್ಟಿದೆ.

ಇಲ್ಲಿನ ಪ್ರಮಾಣಗಳು ಕಸಿ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಮಿತಿಗಳು. ಮೂತ್ರಪಿಂಡ, ಯಕೃತ್ತು, ಸೋಂಕು, ವಯಸ್ಸು ನೋಡಿ ಕಸಿ ತಂಡ ಅವನ್ನು ಬದಲಿಸುತ್ತದೆ. ಇದನ್ನು ಓದಿ ಯಾರೂ ತಾವಾಗಿಯೇ ಪ್ರಮಾಣ ಬದಲಿಸಬಾರದು.

ಯಾರಿಗೆ ಅಪಾಯ ಹೆಚ್ಚು, ಏಕೆ

ಮೊದಲ ಸಾಲಿನಲ್ಲಿ ಬರುವವರು ಬೇರೆಯವರ ಎಚ್‌ಎಲ್‌ಎ ಗುರುತುಗಳ (ತನ್ನದು, ಪರರದು ಎಂದು ದೇಹ ಗುರುತಿಸುವ ಕೋಶದ ಮೇಲಿನ ಪ್ರೋಟೀನ್‌ಗಳು) ವಿರುದ್ಧ ಮೊದಲೇ ಪ್ರತಿಕಾಯ ಬೆಳೆಸಿಕೊಂಡವರು. ಇವರನ್ನು ಸೆನ್ಸಿಟೈಸ್ ಆದವರು ಎನ್ನುತ್ತಾರೆ. ಹಲವು ಬಾರಿ ಗರ್ಭ ಧರಿಸಿದ ಮಹಿಳೆಯರು, ಪದೇ ಪದೇ ರಕ್ತ ಪಡೆದವರು, ಹಿಂದೊಮ್ಮೆ ಅಂಗ ಕಸಿಯಾದವರು, ಎಡ ಹೃತ್ಕುಕ್ಷಿಗೆ ನೆರವಾಗುವ ಯಂತ್ರ (ಎಲ್‌ವ್ಯಾಡ್) ಹಾಕಿಸಿಕೊಂಡವರು, ಜನ್ಮಜಾತ ಹೃದ್ರೋಗದ ಶಸ್ತ್ರಚಿಕಿತ್ಸೆಯಲ್ಲಿ ದಾನಿ ಅಂಗಾಂಶದ ತೇಪೆ ಹಾಕಿಸಿಕೊಂಡ ಮಕ್ಕಳು ಈ ಗುಂಪಿನವರು.

ಎರಡನೆಯವರು ಹದಿಹರೆಯದವರು ಮತ್ತು ತರುಣರು. ಅವರ ರೋಗನಿರೋಧಕ ವ್ಯವಸ್ಥೆ ಚುರುಕು. ಮಾತ್ರೆ ತಪ್ಪಿಸುವುದೂ ಈ ವಯಸ್ಸಿನಲ್ಲೇ ಹೆಚ್ಚು. ಮೂರನೆಯವರು ಸಿವೈಪಿ3ಎ5 ಎಂಬ ಕಿಣ್ವ ಸಕ್ರಿಯವಾಗಿರುವವರು. ಅವರ ದೇಹ ಟ್ಯಾಕ್ರೊಲಿಮಸ್ ಅನ್ನು (ತಿರಸ್ಕಾರ ತಡೆಯುವ ಮುಖ್ಯ ಔಷಧ) ಬೇಗ ಒಡೆದು ಹಾಕುವುದರಿಂದ ಅದೇ ಮಟ್ಟ ತಲುಪಲು ಒಂದೂವರೆಯಿಂದ ಎರಡು ಪಟ್ಟು ಔಷಧ ಬೇಕಾಗುತ್ತದೆ. ಆಫ್ರಿಕನ್ ಮೂಲದವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಸೈಟೋಮೆಗಾಲೋ ವೈರಸ್ ಸೋಂಕು ಬಂದವರನ್ನೂ, ಒಮ್ಮೆ ತಿರಸ್ಕಾರ ಕಂಡವರನ್ನೂ ಇದೇ ಪಟ್ಟಿಗೆ ಸೇರಿಸಬೇಕು.

ತಿರಸ್ಕಾರ ಒಂದೇ ಬಗೆಯದಲ್ಲ. ಮೊದಲೇ ಇದ್ದ ಪ್ರತಿಕಾಯಗಳು ಹೊಸ ಹೃದಯವನ್ನು ನಿಮಿಷಗಳಲ್ಲೋ ಗಂಟೆಗಳಲ್ಲೋ ಕೆಡಿಸಿದರೆ ಅದು ಅತಿತೀವ್ರ ತಿರಸ್ಕಾರ. ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಹೃದಯದ ಸ್ನಾಯುವಿಗೆ ನುಗ್ಗುವುದು ಕೋಶೀಯ ತಿರಸ್ಕಾರ. ಮೊದಲ ಆರು ತಿಂಗಳಲ್ಲಿ ಇದರ ಭಯ ಹೆಚ್ಚು. ಪ್ರತಿಕಾಯಗಳು ಸಣ್ಣ ರಕ್ತನಾಳಗಳ ಒಳಪದರಕ್ಕೆ ಅಂಟಿ ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು (ಕೋಶಗಳನ್ನು ಕೆಡಿಸಬಲ್ಲ ರಕ್ತದ ಪ್ರೋಟೀನ್‌ಗಳ ಸರಣಿ) ಕೆರಳಿಸಿದರೆ ಪ್ರತಿಕಾಯ ತಿರಸ್ಕಾರ. ಸೆನ್ಸಿಟೈಸ್ ಆದವರನ್ನು ಹೆಚ್ಚು ಕಾಡುವುದು ಇದೇ. ವರ್ಷಗಟ್ಟಲೆ ಸದ್ದಿಲ್ಲದೆ ಪರಿಧಮನಿಗಳು (ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳು) ದಪ್ಪಗಾಗುತ್ತಾ ಬರುವುದು ದೀರ್ಘಕಾಲದ ರೂಪ.

ಹಂತ 1: ಕಸಿಗೆ ಮೊದಲೇ ಪ್ರತಿಕಾಯಗಳ ಲೆಕ್ಕ

ತಡೆಯುವ ಕೆಲಸ ಶುರುವಾಗುವುದು ಕಾಯುವ ಪಟ್ಟಿಯಲ್ಲಿರುವಾಗ. ರೋಗಿಯ ಸೀರಂ ಅನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಒಂಟಿ ಆ್ಯಂಟಿಜನ್ ಮಣಿಗಳ ಪರೀಕ್ಷೆಗೆ ಒಳಪಡಿಸಿದರೆ ಯಾವ ಎಚ್‌ಎಲ್‌ಎ ಗುರುತಿನ ವಿರುದ್ಧ ಎಷ್ಟು ಪ್ರಬಲ ಪ್ರತಿಕಾಯವಿದೆ ಎಂಬುದು ತಿಳಿಯುತ್ತದೆ. ಇದರಿಂದ ಲೆಕ್ಕ ಹಾಕಿದ ಪಿಆರ್‌ಎ ಸಂಖ್ಯೆ ಬರುತ್ತದೆ. ಅದು 80 ಶೇಕಡಾ ಎಂದರೆ ನೂರು ದಾನಿಗಳಲ್ಲಿ ಸುಮಾರು ಎಂಬತ್ತು ಜನರ ಹೃದಯ ಈ ರೋಗಿಗೆ ಹೊಂದುವುದಿಲ್ಲ ಎಂದರ್ಥ.

ಪರೀಕ್ಷೆಯನ್ನು ಒಮ್ಮೆ ಮಾಡಿ ಫೈಲಿಗೆ ಸೇರಿಸಿಬಿಡುವುದೇ ಇಲ್ಲಿನ ದೊಡ್ಡ ತಪ್ಪು. ಸೆನ್ಸಿಟೈಸ್ ಆದವರಲ್ಲಿ ಮೂರು ತಿಂಗಳಿಗೊಮ್ಮೆಯಾದರೂ ಅದನ್ನು ಮತ್ತೆ ಮಾಡಬೇಕು. ಇದಲ್ಲದೆ ರಕ್ತ ಕೊಟ್ಟ ಒಂದೆರಡು ವಾರಗಳ ನಂತರ, ಎಲ್‌ವ್ಯಾಡ್ ಹಾಕಿದ ಮೇಲೆ, ಗಂಭೀರ ಸೋಂಕಿನ ಮೇಲೆ ಕಡ್ಡಾಯವಾಗಿ ಮಾಡಬೇಕು. ರಕ್ತ ಕೊಡಲೇಬೇಕಾದಾಗ ಬಿಳಿ ರಕ್ತಕಣಗಳನ್ನು ಸೋಸಿ ತೆಗೆದ ರಕ್ತವನ್ನೇ ಕೊಡಿ. ಹಿಮೋಗ್ಲೋಬಿನ್ ಸಂಖ್ಯೆಯನ್ನು ಸರಿಪಡಿಸುವುದಕ್ಕಾಗಿಯೇ ಕೊಡುವ ಒಂದು ಚೀಲ ರಕ್ತ, ರೋಗಿ ಇನ್ನೆಷ್ಟೋ ತಿಂಗಳು ದಾನಿಗಾಗಿ ಕಾಯುವಂತೆ ಮಾಡಬಲ್ಲದು. ಆ ಚೀಲ ತಪ್ಪಿಸಲು ಸಾಧ್ಯವೇ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು.

ಮಣಿ ಪರೀಕ್ಷೆ ಕೊಡುವ ಎಂಎಫ್‌ಐ ಸಂಖ್ಯೆಯನ್ನು (ಪ್ರತಿಕಾಯ ಅಂಟಿದ ಮಣಿ ಎಷ್ಟು ಹೊಳೆಯುತ್ತದೆ ಎಂಬ ಅಳತೆ) ತೂಕದ ಹಾಗೆ ಓದಬೇಡಿ. ಪ್ರತಿಕಾಯ ತೀರಾ ಹೆಚ್ಚಿದ್ದಾಗ ಪರೀಕ್ಷೆ ಮೋಸ ಹೋಗಿ ಸುಳ್ಳು ಕಡಿಮೆ ಸಂಖ್ಯೆ ತೋರಿಸುವುದುಂಟು. ಇದಕ್ಕೆ ಪ್ರೋಜೋನ್ ಪರಿಣಾಮ ಎನ್ನುತ್ತಾರೆ. ಸಂಶಯ ಬಂದರೆ ಸೀರಂ ಅನ್ನು ತೆಳುಗೊಳಿಸಿ ಮತ್ತೆ ಪರೀಕ್ಷಿಸಲು ಲ್ಯಾಬಿಗೆ ಹೇಳಬೇಕು. ಒಂದು ಲ್ಯಾಬಿನ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಂದಿಗೆ ನೇರವಾಗಿ ಹೋಲಿಸುವುದೂ ಸರಿಯಲ್ಲ.

ಹಂತ 2: ಪ್ರತಿಕಾಯ ಇಳಿಸುವುದು

ಪಿಆರ್‌ಎ ಬಹಳ ಹೆಚ್ಚಿದ್ದು, ಹೊಂದುವ ದಾನಿಗಾಗಿ ಕಾಯುವಷ್ಟು ಸಮಯ ರೋಗಿಗೆ ಇಲ್ಲದಿದ್ದರೆ ಡಿಸೆನ್ಸಿಟೈಸೇಶನ್, ಅಂದರೆ ಪ್ರತಿಕಾಯ ಇಳಿಸುವ ಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ. ಸಾಮಾನ್ಯ ಕ್ರಮ ಹೀಗಿದೆ. ಪ್ಲಾಸ್ಮಾ ವಿನಿಮಯವನ್ನು (ಪ್ರತಿಕಾಯವಿರುವ ರಕ್ತದ್ರವ ತೆಗೆದು ಬದಲಿ ದ್ರವ ತುಂಬುವುದು) ಪ್ರತಿ ಬಾರಿ ಪ್ಲಾಸ್ಮಾ ಪರಿಮಾಣದ ಒಂದರಿಂದ ಒಂದೂವರೆ ಪಟ್ಟಿನಷ್ಟು, ದಿನ ಬಿಟ್ಟು ದಿನ, ಸುಮಾರು ಐದು ಸಲ ಮಾಡುತ್ತಾರೆ. ಕೊನೆಯ ವಿನಿಮಯ ಮುಗಿದ ಮೇಲೆ ಇಮ್ಯುನೋಗ್ಲಾಬ್ಯುಲಿನ್ ಅನ್ನು (ರಕ್ತದಾನಿಗಳಿಂದ ಸಂಗ್ರಹಿಸಿದ ಪ್ರತಿಕಾಯಗಳು) ದೇಹತೂಕದ ಕೆಜಿಗೆ ಒಟ್ಟು 1ರಿಂದ 2 ಗ್ರಾಂ ಲೆಕ್ಕದಲ್ಲಿ ಎರಡರಿಂದ ನಾಲ್ಕು ದಿನಗಳಿಗೆ ಹಂಚಿ ಕೊಡುತ್ತಾರೆ. ಬಿ ಕೋಶಗಳನ್ನು ಇಳಿಸಲು ರಿಟುಕ್ಸಿಮ್ಯಾಬ್ ಅನ್ನು ಚದರ ಮೀಟರ್‌ಗೆ 375 ಮಿಗ್ರಾಂ, ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳಿಗೆ ಬೊರ್ಟೆಜೊಮಿಬ್ ಅನ್ನು ಚದರ ಮೀಟರ್‌ಗೆ 1.3 ಮಿಗ್ರಾಂ ಪ್ರಮಾಣದಲ್ಲಿ 1, 4, 8, 11ನೇ ದಿನಗಳಂದು ಕೊಡುವ ಪದ್ಧತಿಯೂ ಇದೆ.

ಈ ಕ್ರಮದಲ್ಲಿ ಅನುಕ್ರಮವೇ ಮುಖ್ಯ. ರಿಟುಕ್ಸಿಮ್ಯಾಬ್ ಅಥವಾ ಇಮ್ಯುನೋಗ್ಲಾಬ್ಯುಲಿನ್ ಕೊಟ್ಟ ಮರುದಿನವೇ ಪ್ಲಾಸ್ಮಾ ವಿನಿಮಯ ಮಾಡಿದರೆ ಕೊಟ್ಟ ಔಷಧವನ್ನು ಸೋಸಿ ಹೊರಹಾಕಿದಂತೆ. ಇಮ್ಯುನೋಗ್ಲಾಬ್ಯುಲಿನ್ ಕೊಟ್ಟ ಮೇಲೆ ಮಾಡಿದ ಸೈಟೋಮೆಗಾಲೋ ವೈರಸ್ ಪ್ರತಿಕಾಯ ಪರೀಕ್ಷೆ ರಕ್ತದಾನಿಗಳ ಪ್ರತಿಕಾಯದಿಂದಾಗಿ ಸುಳ್ಳಾಗಿ ಪಾಸಿಟಿವ್ ಬರಬಹುದು. ಆದ್ದರಿಂದ ಇಂಥ ಪರೀಕ್ಷೆಗಳ ಮಾದರಿಯನ್ನು ಮೊದಲೇ ತೆಗೆದಿಡಿ. ಮೂತ್ರಪಿಂಡಕ್ಕೆ ಪೆಟ್ಟು, ರಕ್ತ ಹೆಪ್ಪುಗಟ್ಟುವಿಕೆ, ತಲೆನೋವು ಇಮ್ಯುನೋಗ್ಲಾಬ್ಯುಲಿನ್‌ನ ಅಡ್ಡಪರಿಣಾಮಗಳು. ನಿಧಾನವಾಗಿ ಹರಿಸಿ, ನೀರಿನಂಶ ಕಾಯ್ದುಕೊಂಡರೆ ಇವು ಕಡಿಮೆಯಾಗುತ್ತವೆ. ಬೊರ್ಟೆಜೊಮಿಬ್‌ನಿಂದ ಕೈಕಾಲು ಜೋಮು ಹಿಡಿಯಬಹುದು.

ಹೃದಯ ಕಸಿಯಲ್ಲಿ ಈ ಚಿಕಿತ್ಸೆಗಳಿಗೆ ದೊಡ್ಡ ಯಾದೃಚ್ಛಿಕ ಪ್ರಯೋಗಗಳ ಬೆಂಬಲವಿಲ್ಲ. ಪ್ರತಿಕಾಯ ಇಳಿದರೂ ಮತ್ತೆ ಏರುವುದು ಸಾಮಾನ್ಯ. ಆದ್ದರಿಂದ ಶುರು ಮಾಡುವ ಮೊದಲೇ ಎಷ್ಟು ಇಳಿದರೆ ಯಶಸ್ಸು, ಎಷ್ಟು ಸುತ್ತಿನ ನಂತರ ನಿಲ್ಲಿಸಬೇಕು ಎಂದು ಬರೆದಿಟ್ಟುಕೊಳ್ಳುವುದು ರೋಗಿಗೆ ಸಲ್ಲಿಸುವ ನ್ಯಾಯ.

ಹಂತ 3: ದಾನಿಯ ಆಯ್ಕೆ

ದಾನಿಯ ದೇಹದಿಂದ ತೆಗೆದ ಹೃದಯವನ್ನು ಮಂಜಿನ ಪೆಟ್ಟಿಗೆಯಲ್ಲಿ ಸುಮಾರು ನಾಲ್ಕು ಗಂಟೆಗಿಂತ ಹೆಚ್ಚು ಇಡುವುದು ಅಪಾಯ. ದೂರದ ದಾನಿಯ ಕೋಶಗಳನ್ನು ತರಿಸಿ ರೋಗಿಯ ಸೀರಂ ಜೊತೆ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಗೆ ಅಷ್ಟು ಸಮಯ ಸಾಲದು. ಹಾಗಾಗಿ ವರ್ಚುವಲ್ ಕ್ರಾಸ್‌ಮ್ಯಾಚ್: ದಾನಿಯ ಎಚ್‌ಎಲ್‌ಎ ವಿವರವನ್ನು ರೋಗಿಯ ಪ್ರತಿಕಾಯ ಪಟ್ಟಿಯೊಂದಿಗೆ ಕಾಗದದ ಮೇಲೆ ತಾಳೆ ನೋಡುವುದು. ಪಟ್ಟಿ ಎಷ್ಟು ಹೊಸದೋ ಈ ತಾಳೆ ಅಷ್ಟೇ ನಂಬಿಕೆಗೆ ಅರ್ಹ. ಕೊನೆಯ ಸೀರಂ ತೆಗೆದ ಮೇಲೆ ರೋಗಿಗೆ ರಕ್ತ ಕೊಟ್ಟಿದ್ದರೆ ಆ ತಾಳೆಯ ಮೇಲೆ ಭಾರ ಹಾಕುವಂತಿಲ್ಲ. ನಿಜವಾದ ಕ್ರಾಸ್‌ಮ್ಯಾಚ್ ಅನ್ನು ಕಸಿಯ ಹೊತ್ತಿಗೇ ಶುರು ಮಾಡಿ, ಫಲಿತಾಂಶ ಬಂದ ಕೂಡಲೇ ಮುಂದಿನ ಚಿಕಿತ್ಸೆಯನ್ನು ತಿದ್ದಿಕೊಳ್ಳಬೇಕು.

ಹಂತ 4: ಶಸ್ತ್ರಚಿಕಿತ್ಸೆ ಮತ್ತು ಮೊದಲ ವಾರ

ಹೊಸ ಹೃದಯಕ್ಕೆ ರಕ್ತ ಹರಿಯಬಿಡುವ ಮೊದಲು 500ರಿಂದ 1000 ಮಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ರಕ್ತನಾಳದ ಮೂಲಕ. ನಂತರ ಎಂಟು ಗಂಟೆಗೊಮ್ಮೆ 125 ಮಿಗ್ರಾಂನಂತೆ ಮೂರು ಸಲ. ಆಮೇಲೆ ಬಾಯಿಯ ಮೂಲಕ ಪ್ರೆಡ್ನಿಸೊಲೋನ್.

ಹೆಚ್ಚು ಅಪಾಯದವರಲ್ಲಿ ಇದರ ಜೊತೆಗೆ ಇಂಡಕ್ಷನ್ ಚಿಕಿತ್ಸೆ (ಮೊದಲ ದಿನಗಳಲ್ಲಿ ದೇಹದ ವಿರೋಧವನ್ನು ಬಲವಾಗಿ ಅದುಮುವುದು) ಬೇಕಾಗುತ್ತದೆ. ಮೊಲದಿಂದ ತಯಾರಾದ ಎಟಿಜಿ ಎಂಬ ಪ್ರತಿಕಾಯ ಔಷಧ ಟಿ ಕೋಶಗಳನ್ನು ಇಳಿಸುತ್ತದೆ. ಕೆಜಿಗೆ 1ರಿಂದ 1.5 ಮಿಗ್ರಾಂನಂತೆ ದಿನಕ್ಕೊಮ್ಮೆ, ಮೂರರಿಂದ ಏಳು ದಿನ ಕೊಡುತ್ತಾರೆ. ಮೊದಲ ಡೋಸ್ ದೊಡ್ಡ ರಕ್ತನಾಳದ ಮೂಲಕ ಕನಿಷ್ಠ ಆರು ಗಂಟೆ ಹರಿಯಬೇಕು. ಒಂದು ಗಂಟೆ ಮುಂಚೆ ಪ್ಯಾರಾಸಿಟಮಾಲ್, ಅಲರ್ಜಿ ತಡೆಯುವ ಔಷಧ, ಸ್ಟೀರಾಯ್ಡ್ ಕೊಟ್ಟಿರಬೇಕು. ಇಲ್ಲದಿದ್ದರೆ ಜ್ವರ, ನಡುಕ, ರಕ್ತದೊತ್ತಡದ ಕುಸಿತ ಕಾಡುತ್ತವೆ. ಪ್ರತಿದಿನ ರಕ್ತಕಣಗಳ ಎಣಿಕೆ ಮಾಡಿ. ಮೈಕ್ರೋಲೀಟರ್ ರಕ್ತದಲ್ಲಿ ಬಿಳಿ ಕಣ 2000ದಿಂದ 3000 ಅಥವಾ ಪ್ಲೇಟ್‌ಲೆಟ್ 50 ಸಾವಿರದಿಂದ 75 ಸಾವಿರದ ನಡುವೆ ಇದ್ದರೆ ಡೋಸ್ ಅರ್ಧಕ್ಕೆ ಇಳಿಸಿ. ಅದಕ್ಕಿಂತ ಕೆಳಗಾದರೆ ನಿಲ್ಲಿಸಿ. ಎಟಿಜಿಯ ಇನ್ನೊಂದು ಲಾಭವೆಂದರೆ, ಶಸ್ತ್ರಚಿಕಿತ್ಸೆಯಿಂದ ಬಳಲಿದ ಮೂತ್ರಪಿಂಡಕ್ಕೆ ಟ್ಯಾಕ್ರೊಲಿಮಸ್ ಹೊರೆಯನ್ನು ಕೆಲವು ದಿನ ಮುಂದೂಡಬಹುದು. ಸೌಮ್ಯವಾದ ಆಯ್ಕೆ ಬ್ಯಾಸಿಲಿಕ್ಸಿಮ್ಯಾಬ್, ಕಸಿಯ ದಿನ ಮತ್ತು ನಾಲ್ಕನೇ ದಿನ ತಲಾ 20 ಮಿಗ್ರಾಂ. ಆದರೆ ದಾನಿ ವಿರುದ್ಧದ ಪ್ರತಿಕಾಯ ಇರುವವರಿಗೆ ಎಟಿಜಿಯೇ ಹೆಚ್ಚು ಸೂಕ್ತ.

ಹಂತ 5: ಮೂರು ಔಷಧಗಳ ಕವಚ

ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್. ಈ ಮೂರೂ ಬೇರೆ ಬೇರೆ ಕಡೆಯಿಂದ ಟಿ ಕೋಶಗಳನ್ನು ಕಟ್ಟಿಹಾಕುತ್ತವೆ.

ಟ್ಯಾಕ್ರೊಲಿಮಸ್‌ನಲ್ಲಿ ನುಂಗಿದ ಪ್ರಮಾಣಕ್ಕಿಂತ ರಕ್ತದಲ್ಲಿನ ಮಟ್ಟ ಮುಖ್ಯ. ದಿನಕ್ಕೆ ಕೆಜಿಗೆ 0.075 ಮಿಗ್ರಾಂ ಅನ್ನು ಎರಡು ಭಾಗ ಮಾಡಿ ಶುರು ಮಾಡುವುದು ರೂಢಿ. ಎಟಿಜಿ ಕೊಟ್ಟಿದ್ದರೆ ಇನ್ನೂ ಕಡಿಮೆಯಿಂದ ಆರಂಭಿಸಬಹುದು. ಮಟ್ಟದ ಗುರಿ ಮೊದಲ ಎರಡು ತಿಂಗಳು ಮಿಲಿಲೀಟರ್‌ಗೆ 10ರಿಂದ 15 ನ್ಯಾನೋಗ್ರಾಂ, ಆರು ತಿಂಗಳವರೆಗೆ 8ರಿಂದ 12, ಆಮೇಲೆ 5ರಿಂದ 10. ಹೆಚ್ಚು ಅಪಾಯದವರನ್ನು ಆಯಾ ಮಿತಿಯ ಮೇಲಿನ ಅರ್ಧದಲ್ಲಿ ಇಟ್ಟುಕೊಳ್ಳುವುದು ವಿವೇಕ, ಮೂತ್ರಪಿಂಡ ತಾಳಿದರೆ.

ಮಾದರಿ ತೆಗೆಯುವುದರಲ್ಲಿ ಆಗುವ ತಪ್ಪುಗಳು ಬಹಳ. ಹಿಂದಿನ ಡೋಸ್ ಆಗಿ 12 ಗಂಟೆಗೆ, ಮುಂದಿನ ಡೋಸ್ ನುಂಗುವ ಮೊದಲು ರಕ್ತ ಕೊಡಬೇಕು. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಮಟ್ಟ ಸುಳ್ಳಾಗಿ ಏರಿ ಕಾಣುತ್ತದೆ. ವೈದ್ಯರು ಅದನ್ನು ನಂಬಿ ಡೋಸ್ ಇಳಿಸಿದರೆ ಮುಂದಿನ ವಾರ ನಿಜವಾದ ಮಟ್ಟ ತಳ ಕಾಣುತ್ತದೆ. ತಿರಸ್ಕಾರ ಶುರುವಾಗಲು ಅಷ್ಟು ಸಾಕು. ಆದ್ದರಿಂದ ಕೊನೆಯ ಡೋಸ್ ನುಂಗಿದ ಸಮಯ, ರಕ್ತ ತೆಗೆದ ಸಮಯ ಎರಡನ್ನೂ ಚೀಟಿಯಲ್ಲಿ ಬರೆಯಿಸಿ. ಟ್ಯಾಕ್ರೊಲಿಮಸ್ ಕೆಂಪು ರಕ್ತಕಣಗಳಲ್ಲೇ ಹೆಚ್ಚಾಗಿ ಇರುವುದರಿಂದ ಪರೀಕ್ಷೆಗೆ ಇಡಿಟಿಎ ಟ್ಯೂಬಿನಲ್ಲಿ ಪೂರ್ಣ ರಕ್ತ ಬೇಕು, ಸೀರಂ ಅಲ್ಲ. ರಕ್ತನಾಳದ ಮೂಲಕ ಟ್ಯಾಕ್ರೊಲಿಮಸ್ ಹರಿಸಿದ ಕೊಳವೆಯಿಂದಲೇ ಮಾದರಿ ತೆಗೆದರೂ ಫಲಿತಾಂಶ ಕೆಡುತ್ತದೆ. ಡೋಸ್ ಬದಲಿಸಿದ ಮೇಲೆ ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ. ಅದಕ್ಕೂ ಮೊದಲೇ ನೋಡಿ ತಿದ್ದುತ್ತಾ ಹೋದರೆ ಮಟ್ಟ ಉಯ್ಯಾಲೆಯಾಡುತ್ತದೆ.

ಹೀಗೆ ಏರಿಳಿಯುವ ಮಟ್ಟವೇ ಒಂದು ಅಪಾಯದ ಸೂಚನೆ. ಸರಾಸರಿ ಸರಿಯಿದ್ದರೂ ಒಮ್ಮೆ 5, ಒಮ್ಮೆ 14 ಬರುತ್ತಿದ್ದರೆ ಕಾರಣ ಹುಡುಕಲೇಬೇಕು. ಮಾತ್ರೆ ತಪ್ಪುತ್ತಿದೆಯೇ? ಒಂದು ದಿನ ಊಟದ ಜೊತೆ, ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದಾರೆಯೇ? ಅಂಗಡಿಯಲ್ಲಿ ಬೇರೆ ಕಂಪನಿಯ ಮಾತ್ರೆ ಕೊಟ್ಟರೇ? ದಿನಕ್ಕೆರಡು ಸಲದ ಮಾತ್ರೆ ಮತ್ತು ದಿನಕ್ಕೊಂದು ಸಲದ ನಿಧಾನ ಬಿಡುಗಡೆಯ ಮಾತ್ರೆ ಅದಲು ಬದಲಾದವೇ? ಭೇದಿ ಆಗಿತ್ತೇ? ಭೇದಿಯಾದರೆ ಟ್ಯಾಕ್ರೊಲಿಮಸ್ ಮಟ್ಟ ಇಳಿಯುತ್ತದೆಂದು ಹಲವರು ಊಹಿಸುತ್ತಾರೆ, ಆದರೆ ಹೆಚ್ಚಿನ ಸಲ ಏರುತ್ತದೆ.

ಮೈಕೊಫಿನೊಲೇಟ್ ಮೊಫೆಟಿಲ್ ದಿನಕ್ಕೆರಡು ಸಲ 1ರಿಂದ 1.5 ಗ್ರಾಂ. ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಆಮ್ಲಶಾಮಕವನ್ನು ಜೊತೆಯಲ್ಲೇ ನುಂಗಿದರೆ ಇದು ಸರಿಯಾಗಿ ಹೀರಲ್ಪಡುವುದಿಲ್ಲ. ಗರ್ಭಸ್ಥ ಶಿಶುವಿಗೆ ಇದು ಹಾನಿಕರ, ಆದ್ದರಿಂದ ಗರ್ಭನಿರೋಧದ ಮಾತುಕತೆ ಮೊದಲೇ ಆಗಬೇಕು. ಬಿಳಿ ಕಣ ಕುಸಿದಾಗ ಎಲ್ಲರ ಕೈ ಮೊದಲು ಹೋಗುವುದು ಇದನ್ನು ಕಡಿತಗೊಳಿಸಲು. ಹೆಚ್ಚು ಅಪಾಯದವರಲ್ಲಿ ಸ್ವಲ್ಪ ತಡೆಯಿರಿ. ವಾಲ್‌ಗ್ಯಾನ್‌ಸೈಕ್ಲೋವಿರ್, ಕೋಟ್ರೈಮಾಕ್ಸಜೋಲ್ ಎಂಬ ಸೋಂಕು ತಡೆಯುವ ಔಷಧಗಳು ಕೂಡ ಬಿಳಿ ಕಣ ಇಳಿಸುತ್ತವೆ. ಅವುಗಳ ಡೋಸ್ ಮೂತ್ರಪಿಂಡಕ್ಕೆ ತಕ್ಕಂತಿದೆಯೇ ನೋಡಿ, ಬೇಕಿದ್ದರೆ ಬಿಳಿ ಕಣ ಹೆಚ್ಚಿಸುವ ಚುಚ್ಚುಮದ್ದು ಯೋಚಿಸಿ. ನ್ಯೂಟ್ರೋಫಿಲ್ (ಬಿಳಿ ಕಣದ ಒಂದು ಬಗೆ) ಮೈಕ್ರೋಲೀಟರ್‌ಗೆ 1300ಕ್ಕಿಂತ ಕೆಳಗಿಳಿದರೆ ಮಾತ್ರ ಮೈಕೊಫಿನೊಲೇಟ್ ಇಳಿಸುವುದೋ ತಡೆಹಿಡಿಯುವುದೋ ಅನಿವಾರ್ಯ. ಹಾಗೆ ಇಳಿಸಿದ ದಿನವೇ ಮತ್ತೆ ಏರಿಸುವ ದಿನವನ್ನೂ ಗುರುತು ಮಾಡಿಕೊಳ್ಳಿ. ಆ ದಿನ ಮರೆತುಹೋಗುವುದರಿಂದಲೇ ತಿರಸ್ಕಾರಕ್ಕೆ ದಾರಿಯಾಗುತ್ತದೆ.

ಪ್ರೆಡ್ನಿಸೊಲೋನ್ ಅನ್ನು ಕೆಜಿಗೆ 1 ಮಿಗ್ರಾಂನಿಂದ ಶುರು ಮಾಡಿ, ಮೂರರಿಂದ ಆರು ತಿಂಗಳಲ್ಲಿ ಕೆಜಿಗೆ 0.1 ಮಿಗ್ರಾಂ ಹತ್ತಿರಕ್ಕೆ ತರುತ್ತಾರೆ. ಬಯಾಪ್ಸಿ (ಹೃದಯದ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ) ಚೆನ್ನಾಗಿ ಬಂದ ನಂತರವೇ ಪ್ರತಿ ಇಳಿಕೆ. ಕಡಿಮೆ ಅಪಾಯದವರಲ್ಲಿ ಪೂರ್ತಿ ನಿಲ್ಲಿಸುವ ಯೋಚನೆ ಮಾಡಬಹುದು. ಸೆನ್ಸಿಟೈಸ್ ಆದವರಲ್ಲಿ ಸಣ್ಣ ಡೋಸ್ ಉಳಿಸಿಕೊಳ್ಳುವುದೇ ಕ್ಷೇಮ.

ಸಿರೊಲಿಮಸ್, ಎವೆರೊಲಿಮಸ್ ಎಂಬ ಬೇರೆ ತಿರಸ್ಕಾರ ತಡೆಯುವ ಔಷಧಗಳು ಪರಿಧಮನಿ ದಪ್ಪಗಾಗುವುದನ್ನು ನಿಧಾನಿಸುತ್ತವೆ. ಆದರೆ ಗಾಯ ಮಾಗಲು ಬಿಡುವುದಿಲ್ಲ, ಹೃದಯದ ಸುತ್ತ ನೀರು ತುಂಬಿಸಬಹುದು. ಹಾಗಾಗಿ ಮೊದಲ ಮೂರು ತಿಂಗಳು ಬೇಡ.

ಹಂತ 6: ಬೇರೆ ಔಷಧಗಳ ಜೊತೆಗಿನ ಜಗಳ

ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುವವು: ಫ್ಲುಕೊನಜೋಲ್, ವೊರಿಕೊನಜೋಲ್, ಇಟ್ರಾಕೊನಜೋಲ್, ಕ್ಲಾರಿತ್ರೊಮೈಸಿನ್, ಎರಿತ್ರೊಮೈಸಿನ್, ಡಿಲ್ಟಿಯಾಜೆಮ್, ಕೋವಿಡ್‌ಗೆ ಕೊಡುವ ರಿಟೊನಾವಿರ್ ಸಹಿತದ ಮಾತ್ರೆ, ದ್ರಾಕ್ಷಿಹಣ್ಣಲ್ಲದ ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ. ಇಳಿಸುವವು: ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್, ಫಿನೋಬಾರ್ಬಿಟಾಲ್, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ.

ಶಿಲೀಂಧ್ರ ಸೋಂಕಿನ ಔಷಧವಾದ ವೊರಿಕೊನಜೋಲ್ ಸೇರಿಸುವ ದಿನ ಟ್ಯಾಕ್ರೊಲಿಮಸ್ ಅನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದು ಹೆಚ್ಚಿನವರಿಗೆ ನೆನಪಿರುತ್ತದೆ, ಏಕೆಂದರೆ ಮಟ್ಟ ಏರಿ ಕೈ ನಡುಗಿ ಕ್ರಿಯಾಟಿನಿನ್ (ಮೂತ್ರಪಿಂಡ ಬಳಲಿದಾಗ ರಕ್ತದಲ್ಲಿ ಹೆಚ್ಚುವ ಅಂಶ) ಏರುವುದು ಕಣ್ಣಿಗೆ ಕಾಣುತ್ತದೆ. ಮರೆತುಹೋಗುವುದು ನಿಲ್ಲಿಸುವ ದಿನ. ಶಿಲೀಂಧ್ರ ಔಷಧದ ಅವಧಿ ಮುಗಿದು, ಇಳಿಸಿದ ಟ್ಯಾಕ್ರೊಲಿಮಸ್ ಹಾಗೇ ಮುಂದುವರಿದರೆ ಒಂದೆರಡು ವಾರದಲ್ಲಿ ಮಟ್ಟ ಪಾತಾಳಕ್ಕಿಳಿಯುತ್ತದೆ. ರೋಗಿಗೆ ಏನೂ ಅನ್ನಿಸುವುದಿಲ್ಲ. ಆದ್ದರಿಂದ ಇಂಥ ಔಷಧ ಬರೆಯುವಾಗಲೇ ಅದನ್ನು ನಿಲ್ಲಿಸುವ ತಾರೀಖು, ಆ ದಿನದ ಟ್ಯಾಕ್ರೊಲಿಮಸ್ ಡೋಸ್, ರಕ್ತ ಪರೀಕ್ಷೆಯ ದಿನಗಳು ಮೂರನ್ನೂ ಒಟ್ಟಿಗೆ ಬರೆಯಿರಿ. ರಿಫಾಂಪಿಸಿನ್‌ನಲ್ಲಿ ಕಥೆ ತಿರುಗುಮುರುಗು: ನಿಲ್ಲಿಸಿದ ಮೇಲೂ ಅದರ ಪರಿಣಾಮ ಸುಮಾರು ಎರಡು ವಾರ ಉಳಿದು ನಿಧಾನವಾಗಿ ಕರಗುತ್ತದೆ.

ನೋವಿಗೆ ಐಬುಪ್ರೊಫೇನ್, ಡೈಕ್ಲೊಫಿನಾಕ್ ಬೇಡ. ಅವು ಮೂತ್ರಪಿಂಡ ಕೆಡಿಸುತ್ತವೆ, ಆಗ ಟ್ಯಾಕ್ರೊಲಿಮಸ್ ಇಳಿಸಬೇಕಾಗುತ್ತದೆ, ಅಲ್ಲಿಗೆ ಕವಚ ತೆಳುವಾಗುತ್ತದೆ.

ಹಂತ 7: ಕಣ್ಣಿಟ್ಟು ಕಾಯುವುದು

ಕಸಿಯಾದ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುತ್ತದೆ. ಎದೆನೋವಿನ ಎಚ್ಚರಿಕೆ ಬರುವುದೇ ಇಲ್ಲ ಎನ್ನಬಹುದು. ತಿರಸ್ಕಾರದ ಆರಂಭದಲ್ಲಿ ಅನೇಕರು ಆರಾಮಾಗಿಯೇ ಓಡಾಡುತ್ತಿರುತ್ತಾರೆ. ಹಾಗಾಗಿ ಬಯಾಪ್ಸಿ ಅನಿವಾರ್ಯ.

ಸಾಮಾನ್ಯ ವೇಳಾಪಟ್ಟಿ ಹೀಗೆ: ಮೊದಲ ಒಂದು ಒಂದೂವರೆ ತಿಂಗಳು ವಾರಕ್ಕೊಮ್ಮೆ, ಮೂರನೇ ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರನೇ ತಿಂಗಳವರೆಗೆ ತಿಂಗಳಿಗೊಮ್ಮೆ, ವರ್ಷ ತುಂಬುವವರೆಗೆ ಎರಡು ಮೂರು ತಿಂಗಳಿಗೊಮ್ಮೆ. ಹೆಚ್ಚು ಅಪಾಯದವರಲ್ಲಿ ವರ್ಷದ ನಂತರವೂ ಮುಂದುವರಿಸುತ್ತಾರೆ. ಕುತ್ತಿಗೆಯ ಬಲ ರಕ್ತನಾಳದಿಂದ ಬಲ ಹೃತ್ಕುಕ್ಷಿಗೆ ಇಳಿದು, ನಡುಗೋಡೆಯ ಬೇರೆ ಬೇರೆ ಜಾಗಗಳಿಂದ ನಾಲ್ಕೈದು ತುಣುಕು ತೆಗೆಯಬೇಕು. ತಿರಸ್ಕಾರ ತೇಪೆ ತೇಪೆಯಾಗಿ ಬರುವುದರಿಂದ ಒಂದೆರಡು ತುಣುಕು ಸಾಲದು. ಕೋಶೀಯ ತಿರಸ್ಕಾರವನ್ನು 2004ರ ಪರಿಷ್ಕೃತ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ 0ಆರ್‌ನಿಂದ 3ಆರ್‌ವರೆಗೆ ಅಳೆಯುತ್ತಾರೆ, ಸಂಖ್ಯೆ ಏರಿದಷ್ಟೂ ತೀವ್ರ. 2ಆರ್‌ನಿಂದ ಮೇಲೆ ಚಿಕಿತ್ಸೆ. ಸೆನ್ಸಿಟೈಸ್ ಆದವರ ತುಣುಕಿಗೆ ಸಿ4ಡಿ (ಪ್ರತಿಕಾಯ ಕೆರಳಿಸಿದ ಕಾಂಪ್ಲಿಮೆಂಟ್ ಬಿಟ್ಟುಹೋಗುವ ಗುರುತು) ಬಣ್ಣದ ಪರೀಕ್ಷೆಯನ್ನೂ ಕೇಳಲೇಬೇಕು, ಇಲ್ಲದಿದ್ದರೆ ಪ್ರತಿಕಾಯ ತಿರಸ್ಕಾರ ಕಣ್ತಪ್ಪುತ್ತದೆ. ಹಳೆಯ ಬಯಾಪ್ಸಿಯ ಗಾಯದ ಗುರುತು, ಒಳಪದರದಲ್ಲಿ ಗುಂಪುಗೂಡುವ ಲಿಂಫೋಸೈಟ್‌ಗಳ ಕ್ವಿಲ್ಟಿ ಗಂಟು ಇವೆರಡೂ ತಿರಸ್ಕಾರದಂತೆ ಕಂಡು ದಾರಿ ತಪ್ಪಿಸುತ್ತವೆ.

ದಾನಿ ವಿರುದ್ಧದ ಪ್ರತಿಕಾಯಗಳನ್ನು 1, 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ನೋಡುವುದು ಕನಿಷ್ಠ ಮಟ್ಟ. ಮೊದಲೇ ಪ್ರತಿಕಾಯ ಇದ್ದವರಲ್ಲಿ ಮೊದಲ ಎರಡು ವಾರಗಳಲ್ಲೇ ಶುರು ಮಾಡಬೇಕು, ಏಕೆಂದರೆ ನೆನಪಿನ ಬಿ ಕೋಶಗಳು ಬೇಗ ಎಚ್ಚರಗೊಳ್ಳುತ್ತವೆ. ಔಷಧ ಇಳಿಸಿದ ಪ್ರತಿ ಸಲವೂ ಮತ್ತೆ ನೋಡಿ.

ರಕ್ತದ ಜೀನ್ ಅಭಿವ್ಯಕ್ತಿ ಪರೀಕ್ಷೆ ಕಡಿಮೆ ಅಪಾಯದ, ಸ್ಥಿರವಾಗಿರುವ ರೋಗಿಗಳಲ್ಲಿ ಬಯಾಪ್ಸಿ ಕಡಿಮೆ ಮಾಡಲು ರೂಪಿಸಿದ್ದು. ಅದರ ಒಳ್ಳೆಯ ಅಂಕ ನೋಡಿ ಹೆಚ್ಚು ಅಪಾಯದವರ ಬಯಾಪ್ಸಿ ಬಿಡುವುದು ಸರಿಯಲ್ಲ. ದಾನಿಯ ಕೋಶರಹಿತ ಡಿಎನ್‌ಎ ಪರೀಕ್ಷೆ (ಕಸಿ ಹೃದಯದಿಂದ ರಕ್ತಕ್ಕೆ ಸೇರಿದ ಡಿಎನ್‌ಎ ಚೂರುಗಳ ಅಳತೆ) ಪ್ರತಿಕಾಯ ತಿರಸ್ಕಾರವನ್ನೂ ಹಿಡಿಯಬಲ್ಲದು, ಆದರೆ ಮೊದಲ ಕೆಲವು ವಾರ ಶಸ್ತ್ರಚಿಕಿತ್ಸೆಯ ಗಾಯದಿಂದಲೇ ಅದು ಏರಿರುತ್ತದೆ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಬಲ ಕುಸಿದು ಬಯಾಪ್ಸಿ ಮಾತ್ರ ಸ್ವಚ್ಛ ಬಂದರೆ, ಎಕೋವನ್ನೇ ನಂಬಿ ಮುಂದುವರಿಯಿರಿ.

ಹಂತ 8: ಸೋಂಕು ಮತ್ತು ಕೊಬ್ಬು

ಕವಚವನ್ನು ಎಲ್ಲೆ ಮೀರಿ ಬಿಗಿಗೊಳಿಸುವುದೂ ಕೊಲ್ಲುತ್ತದೆ. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯ ಪಡೆದ ಲೂಯಿಸ್ ವಾಶ್ಕಾನ್ಸ್ಕಿ 18ನೇ ದಿನ ತೀರಿಕೊಂಡದ್ದು ನ್ಯುಮೋನಿಯಾದಿಂದ. ದಾನಿಗೆ ಸೈಟೋಮೆಗಾಲೋ ವೈರಸ್ ಇದ್ದು ರೋಗಿಗೆ ಇಲ್ಲದಿದ್ದರೆ ವಾಲ್‌ಗ್ಯಾನ್‌ಸೈಕ್ಲೋವಿರ್ ದಿನಕ್ಕೆ 900 ಮಿಗ್ರಾಂ, ಮೂತ್ರಪಿಂಡ ನೋಡಿ ಇಳಿಸಿ, ಮೂರರಿಂದ ಆರು ತಿಂಗಳು. ಈ ವೈರಸ್ ತಿರಸ್ಕಾರವನ್ನೂ ಪರಿಧಮನಿ ರೋಗವನ್ನೂ ಪ್ರಚೋದಿಸುತ್ತದೆ. ಕೋಟ್ರೈಮಾಕ್ಸಜೋಲ್ ಶ್ವಾಸಕೋಶದ ನ್ಯುಮೋಸಿಸ್ಟಿಸ್ ಮತ್ತು ಟೊಕ್ಸೊಪ್ಲಾಸ್ಮಾ ಎರಡನ್ನೂ ತಡೆಯುತ್ತದೆ. ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿಗೆ ಮೊದಲೇ ಮುಗಿಸಿರಬೇಕು.

ಕೊಲೆಸ್ಟರಾಲ್ ಸರಿಯಿದ್ದರೂ ಕಸಿಯಾದ ಒಂದೆರಡು ವಾರದಲ್ಲಿ ಸ್ಟ್ಯಾಟಿನ್ ಶುರು ಮಾಡುತ್ತಾರೆ, ಪ್ರವಾಸ್ಟ್ಯಾಟಿನ್ 20ರಿಂದ 40 ಮಿಗ್ರಾಂ. ಟ್ಯಾಕ್ರೊಲಿಮಸ್ ಬದಲು ಕೆಲವರಿಗೆ ಕೊಡುವ ಸೈಕ್ಲೊಸ್ಪೊರಿನ್ ಜೊತೆ ಸಿಮ್ವಾಸ್ಟ್ಯಾಟಿನ್ ಕೊಡಬಾರದು, ಸ್ನಾಯು ಕರಗುವ ಅಪಾಯವಿದೆ.

ಹಂತ 9: ಮನೆಯಲ್ಲಿ

ಮಾತ್ರೆಗೆ ಎರಡು ಅಲಾರಂ, 12 ಗಂಟೆ ಅಂತರದಲ್ಲಿ. ವಾರದ ಡಬ್ಬಿಯನ್ನು ಒಬ್ಬರು ತುಂಬಿಸಿ ಇನ್ನೊಬ್ಬರು ಪರಿಶೀಲಿಸಲಿ. ಕನಿಷ್ಠ ಎರಡು ವಾರದ ಮಾತ್ರೆ ಸದಾ ಕೈಯಲ್ಲಿರಲಿ. ಒಂದು ಡೋಸ್ ಮರೆತು ಕೆಲವೇ ಗಂಟೆಯಲ್ಲಿ ನೆನಪಾದರೆ ನುಂಗಿ. ಮುಂದಿನ ಡೋಸ್ ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ಎರಡು ಡೋಸ್ ತಪ್ಪಿದ್ದರೆ ಅಥವಾ ನುಂಗಿದ ಕೂಡಲೇ ವಾಂತಿಯಾದರೆ ತಂಡಕ್ಕೆ ಫೋನ್ ಮಾಡಿ. ಹದಿಹರೆಯದವರ ಮನೆಯವರಿಗೆ ಒಂದು ಮಾತು: ತಪ್ಪಿದ ಮಾತ್ರೆಯನ್ನು ಒಪ್ಪಿಕೊಂಡ ಮಗುವನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಅದು ಹೇಳುವುದಿಲ್ಲ.

ದಿನವೂ ಬೆಳಿಗ್ಗೆ ತೂಕ, ನಾಡಿ, ರಕ್ತದೊತ್ತಡ, ಉಷ್ಣತೆ ಬರೆದಿಡಿ. ಕಸಿಯಾದ ಹೃದಯ ವಿಶ್ರಾಂತಿಯಲ್ಲೂ 90ರಿಂದ 110 ಬಡಿಯುತ್ತದೆ, ಅದಕ್ಕೆ ಹೆದರಬೇಕಿಲ್ಲ. ಒಂದೇ ದಿನದಲ್ಲಿ ಒಂದು ಕೆಜಿಗಿಂತ ಹೆಚ್ಚು ತೂಕ, ಕಾಲು ಬಾವು, ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು, ಕಾರಣವಿಲ್ಲದ ಸುಸ್ತು, ತಪ್ಪಿ ಬಡಿಯುವ ನಾಡಿ, 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಎಂದಿಗಿಂತ ಇಳಿದ ರಕ್ತದೊತ್ತಡ ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕರೆ ಮಾಡಿ. ತಲೆ ಸುತ್ತಿ ಬಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ನೇರ ತುರ್ತು ವಿಭಾಗಕ್ಕೆ.

ಹಂತ 10: ತಿರಸ್ಕಾರ ಕಂಡಾಗ

ಲಕ್ಷಣಗಳಿಲ್ಲದ 2ಆರ್ ಅಥವಾ 3ಆರ್‌ಗೆ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 250ರಿಂದ 1000 ಮಿಗ್ರಾಂ, ಮೂರು ದಿನ. ಹೃದಯದ ಬಲ ಕುಸಿದಿದ್ದರೆ ಬಯಾಪ್ಸಿ ವರದಿಗೆ ಕಾಯದೆ ಸ್ಟೀರಾಯ್ಡ್ ಶುರು ಮಾಡಿ, ಎಟಿಜಿ ಸೇರಿಸುತ್ತಾರೆ. ಪ್ರತಿಕಾಯ ತಿರಸ್ಕಾರಕ್ಕೆ ಸ್ಟೀರಾಯ್ಡ್ ಜೊತೆ ಪ್ಲಾಸ್ಮಾ ವಿನಿಮಯ, ಇಮ್ಯುನೋಗ್ಲಾಬ್ಯುಲಿನ್, ರಿಟುಕ್ಸಿಮ್ಯಾಬ್. ಎಕ್ಮೋ (ಹೃದಯ, ಶ್ವಾಸಕೋಶದ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಯಂತ್ರ) ಬೇಕಾಗಬಹುದಾದವರನ್ನು ಆ ಸೌಲಭ್ಯವಿರುವ ಕಡೆಗೆ ಬೇಗ ಸಾಗಿಸಬೇಕು. ಚಿಕಿತ್ಸೆ ಮುಗಿದ ಒಂದೆರಡು ವಾರದಲ್ಲಿ ಮತ್ತೆ ಬಯಾಪ್ಸಿ, ಪ್ರತಿಕಾಯ ಪರೀಕ್ಷೆ, ಎಕೋ. ಹಿಂದಿನ ಒಂದು ತಿಂಗಳ ಟ್ಯಾಕ್ರೊಲಿಮಸ್ ಮಟ್ಟಗಳನ್ನೂ ಆ ಅವಧಿಯಲ್ಲಿ ಬದಲಾದ ಪ್ರತಿ ಔಷಧವನ್ನೂ ಎದುರಿಗಿಟ್ಟುಕೊಂಡು ಎಲ್ಲಿ ಬಿರುಕು ಬಿತ್ತೆಂದು ನೋಡಿ. ಎಟಿಜಿಯೋ ದೊಡ್ಡ ಪ್ರಮಾಣದ ಸ್ಟೀರಾಯ್ಡೋ ಕೊಟ್ಟಿದ್ದರೆ, ಹಿಂದೆ ನಿಲ್ಲಿಸಿದ್ದ ವಾಲ್‌ಗ್ಯಾನ್‌ಸೈಕ್ಲೋವಿರ್ ಮತ್ತು ಕೋಟ್ರೈಮಾಕ್ಸಜೋಲ್ ಅನ್ನು ಅದೇ ವಾರ ಮತ್ತೆ ಶುರು ಮಾಡಿ, ವಾರಕ್ಕೊಮ್ಮೆಯ ರಕ್ತಕಣ ಎಣಿಕೆಗೆ ಮರಳಿ.